ಸಾಮೋಸ್‌ನಲ್ಲಿ ಉಂಡ ಮೀನಿನೂಟ

ತಂಗೀ,

ಹಡಗು ಸಾಮೋಸ್ ದ್ವೀಪದಲ್ಲಿ ನಿಂತಿದೆ. ಪಾಳು ಗುಡಿಯಲ್ಲಿ ಉಳಿದಿರುವುದು ಒಂದೇ ಕಂಬ, ಅದಕ್ಕೆ ಗೈಡ್‌ನ ಗಂಟೆಗಟ್ಟಲೆ ಭಾಷಣ. ಸಿಟ್ಟು ಬಂದು ಊರೊಳಕ್ಕೆ ನಡೆದೆ. ಒಂದು ಅಂಗಳದಲ್ಲಿ ಮೇಜು ಹಾಕಿದ್ದರು. ಹೋಟೆಲೆಂದುಕೊಂಡು ಕೂತೆ, ಮೀನಿನ ಸಾರು ಆರಿದೆ ಎಂದು ಗದರಿದೆ. ಬಿಸಿ ಮಾಡಿ ತಂದರು. ಆಮೇಲೆ ಬ್ರಾಂದಿ ಎತ್ತಿ ಎಲ್ಲರೂ "ದೇವರು ಅವನನ್ನ ಕ್ಷಮಿಸಲಿ" ಅಂದಾಗಲೇ ತಿಳಿದದ್ದು, ಅದು ಹೆಣ ಮಣ್ಣು ಮಾಡಿ ಬಂದವರ ಊಟ. ಸತ್ತವನ ಹೆಂಡತಿ ನನ್ನ ಕೈ ಹಿಡಿದು, "ನಮ್ಮ ಪಾಂತೆಲಿಸ್ ಜೊತೆ ಹಡಗಲ್ಲಿ ಕೆಲಸಕ್ಕಿದ್ರಾ ಅಣ್ಣಾ? ಅವರ ಗೆಳೆಯರು ಒಬ್ರೂ ಬರಲಿಲ್ವಲ್ಲ ಅಂತ ಅಳ್ತಿದ್ದೆ" ಅಂದಳು. ಇಲ್ಲ ಎನ್ನಲು ಬಾಯಿ ಬರಲಿಲ್ಲ. "ಒಳ್ಳೆ ಮನುಷ್ಯ" ಅಂದೆ. ಮಾಡಿದ್ದು ಸರಿಯೋ ತಪ್ಪೋ, ತಲೆ ಕೆಟ್ಟುಹೋಗಿದೆ.

ಮಂಡಿನೋವು ಕಡಿಮೆ. ಹಡಗು ಕೂಗುತ್ತಿದೆ. ಭಾನುವಾರ ಪಾಂತೆಲಿಸ್ ಹೆಸರಲ್ಲೊಂದು ಮೇಣದಬತ್ತಿ ಹಚ್ಚು. ಯಾರವನು ಎಂದು ಪಾದ್ರಿ ಕೇಳಿದರೆ, ನಮ್ಮಣ್ಣನ ಗೆಳೆಯ ಅನ್ನು.

ಥನಾಸಿಸ್