ಬಿಡುದಿನದ ದೋಣಿ

ಇಸವಿ ೨೩೮೭. ಏಳನೆಯ ತಾರೀಖು ಮುಗಿದಿದೆ, ಒಂಬತ್ತು ಇನ್ನೂ ಬಂದಿಲ್ಲ.

ನನ್ನ ಹಿರಿಯರೇ,

ತಾರೀಖು ನೋಡಿ ಮುದುಕಿಗೆ ಅರಳುಮರಳು ಎನ್ನಬೇಡಿ. ನಿಮ್ಮ ಕಾಲದ ಕನ್ನಡವನ್ನು ಪುಸ್ತಕ ಓದಿ ಕಲಿತವಳು ನಾನು. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ.

ತುಂಗಭದ್ರೆಯ ಹಿನ್ನೀರಿನಲ್ಲಿ ತೆಪ್ಪಗಳನ್ನು ಜೋಡಿಸಿ ಕಟ್ಟಿದ ತೇಲೂರು ನಮ್ಮದು. ಇಲ್ಲಿ ಏಳನೆಯ ಮನೆಯ ಪಕ್ಕದ್ದು ಒಂಬತ್ತನೆಯದು. ಎಂಟು ಶನಿಯ ಸಂಖ್ಯೆಯೆಂದು ನೀವು ಗಾಡಿಯ ನಂಬರಿನಲ್ಲಿ ಅದು ಬೇಡವೆಂದಿರಿ. ನಿಮ್ಮ ಮಕ್ಕಳು ಮನೆಗಳಿಂದ ತೆಗೆದರು, ಅವರ ಮಕ್ಕಳು ತಿಂಗಳಿನಿಂದಲೇ ಕಿತ್ತರು. ಆದರೂ ಸೂರ್ಯ ಹುಟ್ಟುವುದನ್ನು ಬಿಡಲಿಲ್ಲ ನೋಡಿ. ಆ ಹಗಲಿಗೆ ನಾವು ಬಿಡುದಿನ ಎನ್ನುತ್ತೇವೆ. ಅಂದು ಒಲೆ ಹೊತ್ತಿಸುವುದಿಲ್ಲ. ಮೊದಲೇ ಮಾಡಿಟ್ಟ ಕಟಕ ರೊಟ್ಟಿ, ಶೇಂಗಾ ಹಿಂಡಿ ಪುಡಿಯಲ್ಲೇ ದಿನ ದೂಡುತ್ತೇವೆ. ದೋಣಿಗಳನ್ನು ಹಿಂದಿನ ಸಂಜೆಯೇ ಕಟ್ಟಿ, ಹಗ್ಗದ ಗಂಟಿಗೆ ಊರಿನ ಅರಗಿನ ಮುದ್ರೆ ಒತ್ತುತ್ತಾರೆ. ಮುದ್ರೆ ಒಡೆದವರ ಮನೆಯ ತೆಪ್ಪವನ್ನೇ ಮರುದಿನ ಊರಿನಿಂದ ಬಿಚ್ಚಿ ಹೊಳೆಗೆ ಬಿಡುತ್ತಾರೆ.

ನನ್ನ ಮಗಳು ತಾರಿಣಿಗೆ ಬೆಳಗಿನಿಂದ ಹೆರಿಗೆ ನೋವು. ಇಷ್ಟು ಬರೆಯುವಷ್ಟರಲ್ಲಿ ಎರಡು ಸಲ ಎದ್ದುಹೋಗಿ ಬಂದೆ. ಕೈ ಸುಮ್ಮನಿರುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕೂಸು ಅಡ್ಡ ತಿರುಗಿದೆ. ಸೂಲಗಿತ್ತಿ ಹುಲಿಗೆಮ್ಮ ಇರುವುದು ಆಚೆ ದಡದಲ್ಲಿ. ನನ್ನ ಬೀಗಿತ್ತಿ ಪಂಪಕ್ಕ ಸೊಸೆಯ ಕೈ ಹಿಡಿದು, ತಾನೂ ಅಳುತ್ತಾ, “ನಾಳೆ ಹೊತ್ತು ಹುಟ್ಟೂತನಕ ತಡಕೊಳ್ಳವ್ವ, ಕೂಸಿಗೆ ಒಂದು ತಾರೀಖಾರ ಸಿಗತೈತಿ” ಎನ್ನುತ್ತಿದ್ದಾಳೆ. ಬಿಡುದಿನ ಹುಟ್ಟಿದವರಿಗೆ ಜನ್ಮದಿನವಿಲ್ಲ, ಅವರು ಊರಿನವರೆಂಬ ಲೆಕ್ಕಕ್ಕೂ ಸೇರುವುದಿಲ್ಲ.

ನೀವೂ ಪಂಚಾಂಗ ನೋಡಿ ಹೆರಿಗೆಯ ಆಪರೇಷನ್ನಿಗೆ ಗಳಿಗೆ ಗೊತ್ತುಮಾಡುತ್ತಿದ್ದಿರಂತೆ. ಒಂದು ಗಳಿಗೆ ತಾನೇ, ನೋಡಿದರೆ ನಷ್ಟವೇನು ಎಂದುಕೊಂಡಿರಿ. ಭಯಕ್ಕೆ ಬೆರಳು ಕೊಟ್ಟಿರಿ, ಅದು ಹಸ್ತವನ್ನೇ ನುಂಗಿತು. ನಿಮ್ಮ ಮೇಲೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ.

ಒಳಗೆ ತಾರಿಣಿಯ ಕೂಗು ನಿಂತಿದೆ. ಕೂಗಿಗಿಂತ ಇದೇ ನನ್ನನ್ನು ಹೆಚ್ಚು ಹೆದರಿಸುತ್ತಿದೆ.

ಹುಲಿಗೆಮ್ಮನನ್ನು ಕರೆತರಲೇಬೇಕು. ಅಡುಗೆಮನೆಯ ಚೂರಿ ತಂದಿಟ್ಟುಕೊಂಡಿದ್ದೇನೆ, ದೋಣಿಯ ಹಗ್ಗಕ್ಕೆ ಅದು ಸಾಕು. ನಾಳೆ ನಮ್ಮ ತೆಪ್ಪವನ್ನು ಬಿಚ್ಚಿದರೆ ಬಿಚ್ಚಲಿ, ತೇಲಿ ಎಲ್ಲಾದರೂ ನಿಲ್ಲುತ್ತೇವೆ. ನೀವು ಮಾತ್ರ ನನಗೊಂದು ಉಪಕಾರ ಮಾಡಿ: ನಿಮ್ಮ ತಿಂಗಳಿನಲ್ಲಿ ಆ ತಾರೀಖು ಇನ್ನೂ ಇದೆ. ಅಂದು ಏನಾದರೊಂದು ಶುರುಮಾಡಿ. ಹೊಸ ಬಟ್ಟೆ ಉಡಿ, ಹೊಸಿಲು ದಾಟಿ.

ಮೇಲೆ ತಾರೀಖಿನ ಜಾಗದಲ್ಲಿ ಬರೆಯಲು ಹೆದರಿದ್ದೆ, ಈಗ ಬರೆದುಬಿಡುತ್ತೇನೆ. ಇವತ್ತು ಎಂಟು. ಇವತ್ತೇ ನಾನು ಅಜ್ಜಿಯಾಗಬೇಕು.

ದೋಣಿ ಬಿಚ್ಚಲು ಹೊರಟೆ.