ಬೀರುವಿನ ಹಿಂದಿನ ಕಪ್ಪು

ಜೂನ್ 4, ಬೆಳಿಗ್ಗೆ ಆರು

ಮತ್ತೆ ಬಂದಿದೆ ಬೂಷ್ಟು. ಬೀರುವಿನ ಹಿಂದೆ, ಅಂಗೈಯಗಲ, ಕಪ್ಪಗೆ. ಹೋದ ತಿಂಗಳು ಉಜ್ಜಿದ ಜಾಗವೇ. ಬ್ಲೀಚಿಂಗ್ ನೀರು, ಬ್ರಷ್ಷು, ಹಳೆಯ ಟವೆಲ್ಲು. ಲಾಂಡ್ರಿಯಲ್ಲಿ ಇಪ್ಪತ್ತೆರಡು ವರ್ಷ ಕಲೆ ತೆಗೆದ ಕೈ, ಒಂದು ಗೋಡೆಗೆ ಸೋತಿದೆ. ಮಾಲೀಕರಿಗೆ ಫೋನ್ ಮಾಡಿದೆ. ಮೇಲಿನ ಮನೆಯ ಪೈಪು ನೋಡಿಸೋಣ ಎಂದರು. ಹಾಗೆನ್ನುವುದು ಇದು ನಾಲ್ಕನೇ ಸಲ.

ಭಾನುವಾರ ತಮ್ಮ ಆಸ್ಪತ್ರೆಯಿಂದ ಬರುತ್ತಾನೆ. ಈ ಕೋಣೆಗೇ.

ಜೂನ್ 5

ಆಸ್ಪತ್ರೆ. ನರ್ಸ್ ಕೈಯಲ್ಲಿ ಪ್ರಶ್ನೆಗಳ ಹಾಳೆ. ಹೊಸ ಕಿಡ್ನಿ ಹಾಕಿಸಿಕೊಂಡವರ ಮಾತ್ರೆಗಳು ಮೈಯ ಕಾವಲನ್ನೇ ಮಲಗಿಸುತ್ತವಂತೆ. ಧೂಳು ಕೂಡದು, ಹೂಕುಂಡ ಕೂಡದು. “ಮನೇಲಿ ಎಲ್ಲಾದ್ರೂ ತೇವ, ಬೂಷ್ಟು ಇದ್ಯಾ?”

ಪಕ್ಕದಲ್ಲೇ ತಮ್ಮನ ಅತ್ತೆ. ಮಗಳು, ಅಳಿಯ ಇಬ್ಬರನ್ನೂ ತಾವೇ ನೋಡಿಕೊಳ್ಳುತ್ತೇವೆ ಎಂದು ಎರಡು ದಿನದಿಂದ ಹಟ. ಕಿಡ್ನಿ ಕೊಟ್ಟವಳು ಅವರ ಮಗಳು. ನನ್ನದು ಟೆಸ್ಟಿನಲ್ಲೇ ಹೊಂದಲಿಲ್ಲ. ಹೆಂಡತಿ ಕಿಡ್ನಿ ಕೊಟ್ಟಳು, ಅಕ್ಕ ಒಂದು ಕೋಣೆಯನ್ನಾದರೂ ಕೊಡಬೇಡವೇ?

“ಇಲ್ಲ” ಎಂದೆ. ನರ್ಸ್ ಟಿಕ್ ಹಾಕಿದಳು.

ಜೂನ್ 6

ಗೋಡೆಗೆ ಬಣ್ಣ ಬಳಿದೆ. ಎರಡು ಕೋಟು. ಏನೂ ಕಾಣುತ್ತಿಲ್ಲ.

ಜೂನ್ 7

ಬಂದ. ಮೈಯಲ್ಲಿ ತೂಕವೇ ಇಲ್ಲ. ಡಯಾಲಿಸಿಸ್‌ನ ಮೂರು ವರ್ಷ ನೀರನ್ನು ಅಳೆದು ಅಳೆದು ಕುಡಿದವನು, ಇವತ್ತು ದೊಡ್ಡ ಲೋಟ ಗಟಗಟ ಖಾಲಿ ಮಾಡಿದ. “ಅಕ್ಕ, ಇನ್ನೊಂದು” ಎಂದ. ಅಡುಗೆಮನೆಗೆ ಹೋಗಿ ಸ್ವಲ್ಪ ಅತ್ತು, ಲೋಟ ತುಂಬಿಸಿ ತಂದೆ.

ಜೂನ್ 19

ಬರೆಯಲು ಪುರುಸೊತ್ತಿಲ್ಲ. ಒಳ್ಳೆಯ ದಿನಗಳು. ತಮ್ಮ ಬಸ್ ಕಂಡಕ್ಟರ್ ಬುದ್ಧಿ ಬಿಟ್ಟಿಲ್ಲ. ನಾನು ಬಾಗಿಲಲ್ಲಿ ನಿಂತರೆ ಒಳಗೆ ಜಾಗ ಇದೆ, ಮುಂದೆ ಬನ್ನಿ ಎನ್ನುತ್ತಾನೆ. ದಿನಾ ತವರಿನಲ್ಲಿರುವ ಹೆಂಡತಿಗೆ ಫೋನು. “ನಿನ್ನ ಕಿಡ್ನಿ ನಿನ್ನ ಥರಾನೇ ಕಣೇ. ಬೆಳಿಗ್ಗೆ ಐದಕ್ಕೇ ಎಬ್ಬಿಸುತ್ತೆ.”

ಜುಲೈ 2

ಒಣಕೆಮ್ಮು. ಫ್ಯಾನ್ ಗಾಳಿಗೆ ಎನ್ನುತ್ತಾನೆ. ಅವನು ಸ್ನಾನಕ್ಕೆ ಹೋದಾಗ ಬೀರು ಸರಿಸಿದೆ. ಬಣ್ಣ ಗುಳ್ಳೆ ಎದ್ದಿತ್ತು. ಉಗುರು ತಾಗಿಸಿದ್ದೇ ತಡ, ಚಕ್ಕೆ ಕಳಚಿ ಬಿತ್ತು. ಒಳಗೆಲ್ಲ ಕಪ್ಪು... ಮೊದಲಿನ ಮೂರರಷ್ಟು.

ಮಂಚ ಹಾಲಿಗೆ ಎಳೆದೆ. ಯಾಕಕ್ಕ ಎಂದ. ಇಲ್ಲಿ ಬೆಳಕು ಚೆನ್ನಾಗಿದೆ ಎಂದೆ.

ಜುಲೈ 5

ಜ್ವರ. ಮತ್ತೆ ಆಸ್ಪತ್ರೆ. ಸ್ಕ್ಯಾನ್‌ನಲ್ಲಿ ಎಡ ಶ್ವಾಸಕೋಶದಲ್ಲಿ ಗಂಟುಗಳು. ಡಾಕ್ಟರು ಅದೇ ಪ್ರಶ್ನೆ ಕೇಳಿದರು. ತಮ್ಮನ ಹೆಂಡತಿ ಹೊಲಿಗೆಯ ಜಾಗ ಒತ್ತಿಕೊಂಡು ಪಕ್ಕದಲ್ಲೇ ನಿಂತಿದ್ದಳು.

“ಗೊತ್ತಿಲ್ಲ” ಎಂದೆ.

ಜುಲೈ 6, ಬೆಳಿಗ್ಗೆ ಒಂಬತ್ತು

ತಡೆಯಲಾಗಲಿಲ್ಲ. ಒಬ್ಬಳೇ ಹೋಗಿ ಡಾಕ್ಟರಿಗೆ ಎಲ್ಲ ಹೇಳಿದೆ. ಬೈಯಲಿಲ್ಲ. ಫಂಗಸ್‌ನ ಔಷಧಿ ನಿನ್ನೆಯೇ ಶುರು ಮಾಡಬಹುದಿತ್ತು ಎಂದಷ್ಟೇ ಹೇಳಿ ವಾರ್ಡಿಗೆ ಫೋನ್ ಮಾಡಿದರು. ಬೈದಿದ್ದರೆ ಚೆನ್ನಾಗಿತ್ತು.

ಜುಲೈ 9

ಟೆಸ್ಟಿನವರು ಬಂದಿದ್ದರು. ಡಾಕ್ಟರೇ ಕಳಿಸಿದ್ದು. ಗೋಡೆಗೆ ಮೀಟರ್ ಒತ್ತಿ ತೇವ ನೋಡಿದರು. ಟೇಪ್ ಅಂಟಿಸಿ ಕಿತ್ತು ಡಬ್ಬಿಗೆ ಹಾಕಿದರು. ಪುಟ್ಟ ಪಂಪಿನಲ್ಲಿ ಕೋಣೆಯ ಗಾಳಿ ಎಳೆದರು, ಹೋಲಿಸಿ ನೋಡಲು ಹೊರಗಿನದ್ದೂ. ಬಣ್ಣ ಬಳಿದರೆ ಸಾಯುವುದಿಲ್ಲವೇ ಎಂದು ಕೇಳಿದೆ.

“ಬಣ್ಣ ಅದಕ್ಕೆ ಹೊದಿಕೆ ಇದ್ದ ಹಾಗಮ್ಮ. ಅಡೀಲಿ ಬೆಳೀತಾನೇ ಇರುತ್ತೆ. ಮೊದಲು ನೀರು ಸೋರೋದು ನಿಲ್ಬೇಕು.”

ಜುಲೈ 13

ಬೆಳಿಗ್ಗೆ ಹತ್ತೂವರೆಗೆ ತಮ್ಮ ಹೋಗಿಬಿಟ್ಟ.

ಜುಲೈ 24

ರಿಪೋರ್ಟು ಬಂತು. ಕೋಣೆಯ ಗಾಳಿಯಲ್ಲಿ ಬೂಷ್ಟಿನ ಕಣ ಹೊರಗಿನದರ ಹದಿನಾಲ್ಕು ಪಟ್ಟು. ಅವನ ಶ್ವಾಸಕೋಶದಲ್ಲಿ ಸಿಕ್ಕ ಫಂಗಸ್ ಜಾತಿಯೂ ಪಟ್ಟಿಯಲ್ಲಿದೆ. ಇದೇ ಗೋಡೆಯದು ಎಂದು ಯಾರೂ ಖಚಿತವಾಗಿ ಹೇಳಲಾಗದು, ಹೊರಗಿನ ಗಾಳಿಯಲ್ಲೂ ಇರುತ್ತದೆ ಎಂದರು ಡಾಕ್ಟರು. ಆ ಮಾತು ಹಿಡಿದುಕೊಂಡು ಮನೆಯವರೆಗೆ ನಡೆದೆ. ಮೆಟ್ಟಿಲ ಹತ್ತಿರ ಅದೂ ಕೈಬಿಟ್ಟಿತು.

ಜುಲೈ 27

ಅವನ ಬಟ್ಟೆ ಒಯ್ಯಲು ಹೆಂಡತಿ ಬಂದಳು. ಶರ್ಟು ಮಡಚುತ್ತಾ, “ಅತ್ತಿಗೆ, ನೀವಾಗಿದ್ದಕ್ಕೆ ಇಷ್ಟು ನೋಡ್ಕೊಂಡ್ರಿ” ಎಂದಳು.

ಆಗ ಹೇಳಿಬಿಟ್ಟೆ. ಹಾಳೆಯ ಮೇಲಿನ ಟಿಕ್ಕು, ಬಣ್ಣ, “ಗೊತ್ತಿಲ್ಲ” ಎಂದದ್ದು, ಎಲ್ಲ. ಮಡಚುತ್ತಿದ್ದ ಶರ್ಟನ್ನು ಕೆಳಗಿಟ್ಟಳು.

“ಅವರಿಗೆ ಗೊತ್ತಿತ್ತಾ?”

ಇಲ್ಲ ಎಂದೆ. ನಿಜವೇ. ನಂಬಿದಳೋ ಇಲ್ಲವೋ. ಬ್ಯಾಗು ಇಲ್ಲೇ ಬಿಟ್ಟು ಹೋದಳು.

ಆಗಸ್ಟ್ 8, ಮಧ್ಯಾಹ್ನ

ಫೋನ್ ಎತ್ತುತ್ತಿಲ್ಲ. ಇವತ್ತು ಅವಳ ಚೆಕಪ್ಪು ಎಂದು ಗೊತ್ತಿತ್ತು. ಲಾಂಡ್ರಿಗೆ ರಜೆ ಹಾಕಿ ಆಸ್ಪತ್ರೆಯ ಗೇಟಿನಲ್ಲಿ ನಿಂತೆ. ಅಮ್ಮನ ತೋಳು ಹಿಡಿದು ಹೊರಗೆ ಬಂದಳು. ನನ್ನನ್ನು ಕಂಡು ನಿಂತಳು. ಅಮ್ಮನ ಕೈ ಬಿಡಿಸಿಕೊಂಡು ನಾಲ್ಕು ಹೆಜ್ಜೆ ಹತ್ತಿರ ಬಂದಳು.

“ಆ ಒಂದು ದಿನ, ಅತ್ತಿಗೆ” ಎಂದಳು. “ಅದೊಂದು ದಿನ ಮುಂಚೆ ಹೇಳಿದ್ದಿದ್ರೆ...”

ನಾನು ಅವಳಿಗೆ “ಹೌದು, ಹೇಳಬೇಕಿತ್ತು” ಎಂದೆ.