ಬಿಟ್ಟುಹೋದ ಉಪ್ಪಿನ ಸಾಲು

ಗದಗ, ಕ್ರಿ.ಶ. ೨೨೧೯
ಆರನೆಯ ತಿಂಗಳ ಮೂವತ್ತಾರನೆಯ ದಿನ

ಹೆಸರು ಗೊತ್ತಿಲ್ಲದ ತಂಗಿಗೆ,

ಮೇಲಿನ ತಾರೀಖು ನೋಡಿ, ಇದು ಯಾರೋ ಮಾಡಿದ ಕೀಟಲೆ ಎಂದು ಕಾಗದವನ್ನು ಮುದುಡಿ ಎಸೆಯಬೇಡ. ನಮ್ಮಲ್ಲಿ ವರ್ಷಕ್ಕೆ ಹತ್ತೇ ತಿಂಗಳು, ತಿಂಗಳಿಗೆ ಮೂವತ್ತಾರು ದಿನ. ಉಳಿದ ಐದು ದಿನಗಳನ್ನು ಯಾವ ತಿಂಗಳಿಗೂ ಸೇರಿಸದೆ ಹಬ್ಬಕ್ಕೆಂದು ಬಿಟ್ಟಿದ್ದಾರೆ. ಯಾಕೆ ಹೀಗೆ ಎಂದು ನಾನು ಅನೇಕರನ್ನು ಕೇಳಿದ್ದೇನೆ, ಯಾರೂ ನೆಟ್ಟಗೆ ಉತ್ತರ ಕೊಟ್ಟಿಲ್ಲ. ನನ್ನ ಕನ್ನಡವೂ ನಿನಗೆ ವಿಚಿತ್ರವೆನಿಸಬಹುದು. ನಿನ್ನ ಕಾಲದ ಪುಸ್ತಕಗಳನ್ನು ಮುಂದಿಟ್ಟುಕೊಂಡು ಆ ಧಾಟಿಯಲ್ಲೇ ಬರೆಯಲು ಹೆಣಗಿದ್ದೇನೆ. ಎಡವಿದ ಕಡೆ ಹೊಟ್ಟೆಗೆ ಹಾಕಿಕೋ. ಲೆಕ್ಕ ಹಿಡಿದರೆ ನೀನು ನನ್ನ ಮುತ್ತಜ್ಜಿಯ ಮುತ್ತಜ್ಜಿಯ ವಾರಿಗೆಯವಳು. ಆದರೆ ನನಗೀಗ ಎಪ್ಪತ್ತನಾಲ್ಕು, ನಿನಗೆ ಇಪ್ಪತ್ತಾರೋ ಇಪ್ಪತ್ತೇಳೋ ಇರಬೇಕು. ಹಾಗಾಗಿ ತಂಗಿ ಎಂದೇ ಕರೆಯುತ್ತೇನೆ.

ಈ ಪತ್ರ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಳೆದುಹೋದ ಕಾಲಕ್ಕೆ ಕಾಗದ ಕಳಿಸುವ ಏರ್ಪಾಡು. ಒಬ್ಬೊಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ಉತ್ತರ ಬರುವುದಿಲ್ಲ, ತಲುಪಿತೋ ಇಲ್ಲವೋ ಗೊತ್ತಾಗುವುದೂ ಇಲ್ಲ. ಅಂಚೆಯವರು ಮೊದಲು ತಾವೇ ಓದಿಕೊಳ್ಳುತ್ತಾರೆಂಬುದು ನನ್ನ ಖಚಿತ ಅನುಮಾನ. ನನ್ನ ಗಂಡ, ಉತ್ತರ ಬರುವುದಿಲ್ಲವೆಂದು ಗೊತ್ತಿದ್ದೂ, ತನ್ನ ಕಾಗದವನ್ನು ಅಜ್ಜಿಯ ಗುರೆಳ್ಳು ಚಟ್ನಿಯ ಹದ ಕೇಳಲು ಖರ್ಚು ಮಾಡಿದ. ನನ್ನದನ್ನು ನಾನು ಐವತ್ತು ವರ್ಷ ಕಾದಿಟ್ಟಿದ್ದೆ. ಈಗ ನಿನಗೆ ಬರೆಯುತ್ತಿದ್ದೇನೆ, ಏಕೆಂದರೆ ನಿನ್ನ ಮೇಲೆ ನನಗೆ ಸಿಟ್ಟಿದೆ. ನನ್ನ ಮೇಲೂ ಇದೆ.

ನೀನು ಪ್ರಯೋಗಶಾಲೆಯ ಬಟ್ಟಲಿನಲ್ಲಿ ಕಲಸುತ್ತಿರುವ ಹೈಡ್ರೋಜೆಲ್ ನಮ್ಮಲ್ಲಿ ನೀರ್ಗಟ್ಟು ಆಗಿದೆ. ನೀರನ್ನು ಕುಡಿದು, ಸೋರದಂತೆ ಕಟ್ಟಿಟ್ಟುಕೊಳ್ಳುವ ಪದಾರ್ಥವಾದ್ದರಿಂದ ಆ ಹೆಸರು. ಕಾಮಕಸ್ತೂರಿ ಬೀಜವನ್ನು ನೀರಿಗೆ ಹಾಕಿದರೆ ಸುತ್ತಲೂ ಲೋಳೆ ಉಬ್ಬಿ ನಿಲ್ಲುವುದಿಲ್ಲವೆ, ಹಾಗೆ. ನಿನಗದು ಇನ್ನೂ ಹೊಸತಿರಬಹುದು, ನಮಗೆ ದಿನಬಳಕೆ. ನನ್ನ ಕಣ್ಣಿನ ಮೇಲೆ ನೀರ್ಗಟ್ಟಿನ ಪೊರೆಯೊಂದಿದೆ; ರೆಪ್ಪೆ ಬಡಿದಾಗಲೆಲ್ಲ ಚೂರು ಚೂರೇ ಔಷಧಿ ಬಿಡುತ್ತದೆ. ಮಗಳು ಪ್ರಭೆಯ ತೋಳಿನ ಚರ್ಮದಡಿ ಹುಣಸೆಬೀಜದಷ್ಟು ಗಟ್ಟು ಕೂತಿದೆ. ರಕ್ತದಲ್ಲಿ ಸಕ್ಕರೆ ಏರಿದರೆ ಉಬ್ಬಿ ಇನ್ಸುಲಿನ್ ಬಿಡುತ್ತದೆ, ಇಳಿದರೆ ಬಾಯಿ ಮುಚ್ಚಿಕೊಳ್ಳುತ್ತದೆ. ಸವೆದ ಮೊಣಕಾಲಿಗೆ ಮೆತ್ತೆಗಟ್ಟು, ಸೋತ ಗುಂಡಿಗೆಗೆ ತೇಪೆಗಟ್ಟು. ಇದನ್ನೆಲ್ಲ ಮಾಡುವ ಜಾಗಕ್ಕೆ ಗಟ್ಟುಮನೆ ಎನ್ನುತ್ತೇವೆ, ಆಸ್ಪತ್ರೆಯ ಹಿತ್ತಲಲ್ಲೇ ಇರುತ್ತದೆ. ಜನ ಅಲ್ಲಿಗೆ ಹೋಗಿ ಸಲೀಸಾಗಿ ಅಂಗಿ ಎತ್ತುತ್ತಾರೆ, ಪಂಚೆ ಮಡಚುತ್ತಾರೆ. ಒಳಗೆ ಹೋಗುತ್ತಿರುವುದು ಏನೆಂದು ಕೇಳುವವಳು ನಾನೊಬ್ಬಳೇ.

ಕೇಳುವುದಕ್ಕೆ ಕಾರಣವಿದೆ. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಮಣ್ಣು ಮಾಡುವ ಮೊದಲು ಮೈಯೊಳಗಿನ ಗಟ್ಟುಗಳನ್ನು ಬಿಡಿಸಿ, ಹಿತ್ತಾಳೆ ಬಟ್ಟಲಲ್ಲಿಟ್ಟು, ಮನೆಯವರೇ ಗಟ್ಟುಮನೆಗೆ ಒಪ್ಪಿಸಿ ಬರಬೇಕು. ಇದಕ್ಕೆ ಕಳಚುವ ಶಾಸ್ತ್ರ ಎನ್ನುತ್ತಾರೆ. ನನ್ನ ಗಂಡನ ಎಡಮೊಣಕಾಲಿನ ಮೆತ್ತೆಯನ್ನು ನಾನೇ ಒಯ್ದುಕೊಟ್ಟೆ. ಕರಗಿಸಿ ಹೊಲದ ಮಣ್ಣಿಗೆ ಹಾಕುತ್ತೇವೆ ಎಂದರು. ಎರಡು ತಿಂಗಳಾಗಿರಲಿಲ್ಲ, ಪಕ್ಕದ ಮನೆಯ ಅಡಿವೆಪ್ಪನಿಗೆ ಹೊಸ ಮೊಣಕಾಲು ಬಂತು, ಅವನು ನನ್ನ ಗಂಡನ ಹಾಗೆಯೇ ಎಡಗಾಲನ್ನು ಹೊರಕ್ಕೆ ಬೀಸಿ ನಡೆಯತೊಡಗಿದ. ಬೀದಿಯ ತುದಿಯಲ್ಲಿ ಅವನು ಬರುವುದನ್ನು ಕಂಡಾಗಲೆಲ್ಲ ನನ್ನೆದೆ ಧಸಕ್ಕೆನ್ನುತ್ತಿತ್ತು. ಮಗಳಿಗೆ ಹೇಳಿದರೆ ಹಣೆ ಹಣೆ ಚಚ್ಚಿಕೊಂಡಳು. "ಯವ್ವಾ, ಅಡಿವೆಪ್ಪಕಾಕಾ ಹುಟ್ಟಿದಾಗಿಂದ ಹಂಗ ನಡಿತಾನ ಬೇ. ನೀ ಈಗ ನೋಡಾಕತ್ತಿ ಅಷ್ಟ" ಎಂದಳು. ಇರಬಹುದು. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತನ್ನು ನಾನು ಎದೆಹಾಲಿನ ಜೊತೆಗೇ ಕುಡಿದವಳು.

ಈಗ ಚಂಪಾಳ ವಿಷಯಕ್ಕೆ ಬರುತ್ತೇನೆ. ಚಂಪಾ ಪ್ರಭೆಯ ಮಗಳು, ಏಳು ವರ್ಷದವಳು, ನನ್ನ ಒಬ್ಬಳೇ ಮೊಮ್ಮಗಳು. ನಮ್ಮ ಕಾಲದ ಒಲೆಗಳಲ್ಲಿ ಬೆಂಕಿ ಇಲ್ಲ, ಆದರೆ ಕುದಿಯುವ ನುಚ್ಚು ಯಾವ ಕಾಲದಲ್ಲೂ ಕುದಿಯುವ ನುಚ್ಚೇ. ಹೋದ ತಿಂಗಳು ಒಂದು ಬೆಳಿಗ್ಗೆ ಅವಳು ಪಾತ್ರೆಯ ಹಿಡಿಕೆ ಎಳೆದಳು, ಜೋಳದ ನುಚ್ಚು ಎಡಗೈಯ ಮೇಲೆ ಮಗುಚಿತು. ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಸುಲಿದುಬಂತು. ಅವಳ ಕಿರುಚಾಟ ಇಡೀ ಓಣಿಗೆ ಕೇಳಿತು. ನಾನು ಅವಳನ್ನು ಎತ್ತಿಕೊಂಡು ಬರಿಗಾಲಲ್ಲಿ ಗಟ್ಟುಮನೆಗೆ ಓಡಿದೆ.

ಅಲ್ಲಿನ ವೈದ್ಯೆ ಬೀಬಿಜಾನ್ ಒಳ್ಳೆಯ ಹುಡುಗಿ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅವಳು ಗಾಯ ತೊಳೆದು, ಕೈಗೆ ತೋಳುಗಟ್ಟು ತೊಡಿಸಿದಳು. ಗಾಜಿನಂತೆ ತಿಳಿಯಾದ, ತಣ್ಣನೆಯ, ಬೆರಳಿನಷ್ಟು ದಪ್ಪದ, ಅಂಗಿಯ ತೋಳಿನಂಥ ಹೊದಿಕೆ ಅದು. ಗಾಯ ಒಣಗದಂತೆ, ಕೊಳೆ ತಾಗದಂತೆ ಕಾಯುತ್ತದೆ. ಅದರೊಳಗೆ ಹತ್ತು ದಿನಕ್ಕಾಗುವಷ್ಟು ನೋವಿನ ಔಷಧಿ ಇರುತ್ತದೆ, ಹನಿಹನಿಯಾಗಿ ಇಳಿಯುತ್ತದೆ. ಕಾಲು ಗಂಟೆಯಲ್ಲಿ ಅಳು ನಿಂತಿತು. ಗಂಟೆ ತುಂಬುವಷ್ಟರಲ್ಲಿ ಚಂಪಾ ನಗುತ್ತಿದ್ದಳು.

ಆ ನಗುವೇ ನನಗೆ ಸರಿಬೀಳಲಿಲ್ಲ. ಚರ್ಮ ಸುಲಿದ ಮಗು ನಗುತ್ತದೆ ಎಂದರೆ ಏನರ್ಥ? ನೋವು ಎಲ್ಲಿ ಹೋಯಿತು? ಕೈಯೊಳಗೆ ಏನಾದರೂ ಕೊಳೆಯುತ್ತಿದ್ದರೆ ಮಗು ಹೇಳುವುದಾದರೂ ಹೇಗೆ? ಎರಡು ದಿನ ನಾನು ಅವಳ ಪಕ್ಕದಿಂದ ಏಳಲಿಲ್ಲ. ಓಣಿಯ ಹೆಂಗಸರೆಲ್ಲ ನೋಡಲು ಬಂದರು. "ಎಷ್ಟ್ ಚಂದ ಐತಿ ನೋಡ್ರಿ, ಗಾಜಿನ ಬಳಿ ತೊಟ್ಟಂಗ" ಎಂದು ಕೆನ್ನೆ ಹಿಂಡಿಹೋದರು. ಮೂರನೆಯ ದಿನ ಮಧ್ಯಾಹ್ನ ಚಂಪಾಳ ಮೈ ಸ್ವಲ್ಪ ಬಿಸಿಯಾಯಿತು. ಪ್ರಭೆ ಕೆಲಸಕ್ಕೆ ಹೋಗಿದ್ದಳು. ನಾನು ಎದ್ದು ಉಪ್ಪು ತಂದೆ.

ನಿನ್ನ ಕಾಲದಲ್ಲಿ ದೃಷ್ಟಿ ತೆಗೆದ ಉಪ್ಪು ಮೆಣಸಿನಕಾಯಿಯನ್ನು ಒಲೆಗೆ ಹಾಕುತ್ತಿದ್ದರಂತೆ, ಅದು ಚಟಪಟ ಸಿಡಿಯುತ್ತಿತ್ತಂತೆ. ನಮ್ಮಲ್ಲಿ ಹಾಕಲು ಬೆಂಕಿಯೇ ಇಲ್ಲ. ಆದ್ದರಿಂದ ನಿವಾಳಿಸಿದ ಹರಳುಪ್ಪನ್ನು ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ, ನೋವಿರುವ ಜಾಗಕ್ಕೆ ಒತ್ತಿಹಿಡಿದು, ಕರಗುವ ತನಕ ಕೂರುವುದು ನಮ್ಮ ಮನೆತನದ ರೂಢಿ. ಉಪ್ಪು ಕರಗಿದ ಹಾಗೆ ಕಣ್ಣೆಸರು ಕರಗುತ್ತದೆಂದು ನಂಬಿಕೆ. ಮಗ್ಗುಲು ಉಳುಕಿದಾಗ, ಹಲ್ಲು ನೋವಿಗೆ, ಬಾಣಂತಿಯ ಬೆನ್ನಿಗೆ, ಎಲ್ಲಕ್ಕೂ ಹೀಗೇ ಮಾಡುತ್ತ ಬಂದಿದ್ದೇವೆ.

ಇಲ್ಲಿಗೆ ನಿಲ್ಲಿಸಿದರೆ ನಾನು ಪಾಪದ ಮುದುಕಿ ಎನಿಸಿಕೊಳ್ಳಬಹುದು. ಆದರೆ ಇರುವುದು ಒಂದೇ ಕಾಗದ, ಅದರಲ್ಲಿ ಸುಳ್ಳು ಬರೆಯಲಾರೆ. ಹಾಗಲಕಾಯಿ ಹೆಚ್ಚಿ ಉಪ್ಪು ಸವರಿಟ್ಟರೆ ಕಹಿನೀರು ಬಿಟ್ಟುಕೊಳ್ಳುತ್ತದೆ ಎಂಬುದು ಅಡುಗೆ ಮಾಡುವ ಯಾವ ಹೆಂಗಸಿಗೆ ಗೊತ್ತಿಲ್ಲ? ನನಗೂ ಗೊತ್ತಿತ್ತು. ಆ ಗಟ್ಟಿನೊಳಗೆ ಏನು ಬಚ್ಚಿಟ್ಟಿದ್ದಾರೋ ಅದನ್ನು ಉಪ್ಪು ಹೊರಗೆಳೆಯಲಿ ಎಂಬ ಆಸೆ ನನ್ನೊಳಗಿತ್ತು. ಗಂಟನ್ನು ಗಟ್ಟಿನ ಮೇಲಿಟ್ಟು ಒತ್ತಿದೆ. ತಿಳಿಯಾಗಿದ್ದದ್ದು ಮೆಲ್ಲಗೆ ಮಸುಕಾಯಿತು, ಮುದುರಿತು, ಅಂಚಿನಿಂದ ನೀರೊಡೆಯಿತು. ನೋಡು, ಹೇಗೆ ಕಕ್ಕುತ್ತಿದೆ ಎಂದು ನಾನು ಗೆದ್ದವಳಂತೆ ಇನ್ನೊಂದು ಹಿಡಿ ಉಪ್ಪು ತಂದೆ.

ಅದು ಹೊರಗೆ ಕಕ್ಕಿದ್ದು ಕಾಲು ಭಾಗ. ಏಳು ದಿನಕ್ಕೆಂದು ಇಟ್ಟಿದ್ದ ಔಷಧಿಯಲ್ಲಿ ಉಳಿದ ಮುಕ್ಕಾಲು ಭಾಗ ಹಸಿ ಗಾಯದ ಮೂಲಕ ಒಂದೇ ಸಲ ಮಗುವಿನ ರಕ್ತಕ್ಕೆ ಇಳಿಯಿತು. ಚಂಪಾ ಆಕಳಿಸಿದಳು, ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಜ್ವರ ಇಳಿದು ನಿದ್ದೆ ಬಂತೆಂದು ನಾನು ತಲೆ ಸವರುತ್ತ ಕೂತೆ. ಪ್ರಭೆ ಬಂದು ಮುಖ ನೋಡಿದಾಗ ಮಗುವಿನ ತುಟಿ ನೇರಳೆಹಣ್ಣು ತಿಂದ ಬಣ್ಣಕ್ಕೆ ತಿರುಗಿತ್ತು. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ನಾನು ಹತ್ತರವರೆಗೆ ಎಣಿಸಿದೆ.

ಬೀಬಿಜಾನ್ ಓಡಿಬಂದು ತೋಳುಗಟ್ಟನ್ನು ಸೀಳಿ ತೆಗೆದಳು, ಗಾಯವನ್ನು ತೊಳೆದು ತೊಳೆದು ಮರುಮದ್ದು ಚುಚ್ಚಿದಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಚಂಪಾ ಕಣ್ಣುಬಿಟ್ಟಳು, ಬಿಟ್ಟವಳೇ ಚೀರಿದಳು. ಮೊದಲ ದಿನದಿಂದ ನಾನು ಕೇಳಬೇಕೆಂದು ಕಾದಿದ್ದ ಅಳು ಅದು. ಕೇಳಿ ಸಂತೋಷವಾಯಿತು, ಆಮೇಲೆ ನಾಚಿಕೆಯಾಯಿತು, ಈಗಲೂ ಆಗುತ್ತಿದೆ. ಗಟ್ಟಿಗೆ ಅಪಚಾರ ಮಾಡಿದ ಮನೆಗೆ ವರ್ಷ ತುಂಬುವ ತನಕ ಇನ್ನೊಂದನ್ನು ಕೊಡಬಾರದೆಂದು ನಿಯಮ. ಹಾಗಾಗಿ ಹಳೆಯ ಕಾಲದ ಹತ್ತಿಬಟ್ಟೆಯ ಪಟ್ಟಿ ಸುತ್ತಿದರು. ದಿನಕ್ಕೊಮ್ಮೆ ಬಿಚ್ಚುವಾಗ ಅದು ಹೊಸ ಚರ್ಮವನ್ನು ಅಂಟಿಸಿಕೊಂಡೇ ಬರುತ್ತಿತ್ತು. ನಾನು ಮಗು ಒದೆಯದಂತೆ ಕಾಲು ಹಿಡಿದುಕೊಳ್ಳುತ್ತಿದ್ದೆ, ಪ್ರಭೆ ಪಟ್ಟಿ ಬಿಚ್ಚುತ್ತಿದ್ದಳು, ನನ್ನ ಮುಖ ನೋಡುತ್ತಿರಲಿಲ್ಲ. ಅಂಟದ ಪಟ್ಟಿಯೊಂದನ್ನು ನೀನು ಯಾಕೆ ಕಲಸಲು ಹೊರಟೆ ಎಂಬುದು ನನಗೆ ಆ ಹದಿನೆಂಟು ದಿನಗಳಲ್ಲಿ ಅರ್ಥವಾಯಿತು.

ವಿಚಾರಣೆ ನಡೆಯಿತು. ತಪ್ಪು ಅಜ್ಜಿಯದು ಎಂದು ಬರೆದರು. ಒಪ್ಪಿಕೊಂಡೆ. ಉಪ್ಪು ತಿಂದವರು ನೀರು ಕುಡಿಯಲೇಬೇಕು. ಆದರೆ ಮನೆಗೆ ಬಂದು, ಗಟ್ಟಿನ ಜೊತೆ ಕೊಟ್ಟಿದ್ದ ಎಚ್ಚರಿಕೆಯ ಹಾಳೆಯನ್ನು ಕನ್ನಡಕ ಹಾಕಿಕೊಂಡು ಓದಿದೆ. ನಲವತ್ತೊಂದು ಸಾಲು. ಬಿಸಿಲಿಗೆ ಒಡ್ಡಬೇಡಿ, ಸೂಜಿ ಚುಚ್ಚಬೇಡಿ, ಬೆಕ್ಕು ನೆಕ್ಕದಂತೆ ನೋಡಿಕೊಳ್ಳಿ. ಬೆಕ್ಕಿಗೂ ಒಂದು ಸಾಲಿದೆ, ಉಪ್ಪಿಗೆ ಇಲ್ಲ. ಹಾಳೆ ಹಿಡಿದು ಬೀಬಿಜಾನಳ ಮುಂದೆ ಕೂತೆ. ಅವಳು ಬಾಗಿಲು ಮುಂದಕ್ಕೆ ಮಾಡಿ ಹೇಳಿದಳು: "ಮೈಯಾಗಿನ ಉಪ್ಪು, ಬೆವರಿನ ಉಪ್ಪು ಅದು ತಡಕೋತೈತ್ರಿ ಅಮ್ಮಾರ. ಹಿಡಿ ಉಪ್ಪು ತಡಿಯಂಗಿಲ್ಲ. ನಮಗ ಗೊತ್ತಿತ್ರಿ. ಸುಟ್ಟ ಗಾಯಕ್ಕ ಉಪ್ಪ ಯಾರ್ ಹಚ್ಚತಾರ ಅಂತ ಬರಿಯಾಕ ಹೋಗಲಿಲ್ಲ." ಆಮೇಲೆ ಅವಳೇ ನನ್ನನ್ನು ಧಾರವಾಡದ ದೊಡ್ಡ ಗಟ್ಟುಮನೆಗೆ ಕರೆದೊಯ್ದಳು. ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ನಿನ್ನ ನೋಟುಪುಸ್ತಕ ಇದೆ.

ಹೌದು, ನಿನ್ನದೇ. ಮೊಟ್ಟಮೊದಲ ತೋಳುಗಟ್ಟಿನ ಪಾಕ ಬರೆದಿಟ್ಟ ಪುಸ್ತಕ. ರಟ್ಟಿನ ಮೇಲೆ ಹೆಸರಿಲ್ಲ, ಚಹಾ ಲೋಟ ಇಟ್ಟ ಉಂಗುರದ ಕಲೆಯಿದೆ. ಅಕ್ಷರ ನೋಡಿದರೆ ಅವಸರದ ಹುಡುಗಿಯದು ಎಂದು ತಿಳಿಯುತ್ತದೆ. ಹದಿನೇಳನೆಯ ಪುಟದಲ್ಲಿ ನೀಲಿ ಶಾಯಿಯಲ್ಲಿ ಒಂದು ಸಾಲಿದೆ: "ಏಳನೇ ಮಾದರಿ ಗಟ್ಟಿ ಉಪ್ಪುನೀರಲ್ಲಿ ಅರ್ಧ ಗಂಟೆಗೆ ಮುದುರಿತು, ಔಷಧಿ ಪೂರ್ತಿ ಹೊರಗೆ. ಮತ್ತೆ ನೋಡಬೇಕು." ಆ ಸಾಲಿನ ಮೇಲೆ ಕಪ್ಪು ಶಾಯಿಯಲ್ಲಿ ಅಡ್ಡಗೆರೆ ಎಳೆದಿದೆ. ಮತ್ತೆ ನೋಡಿದ ಗುರುತು ಮುಂದೆಲ್ಲೂ ಇಲ್ಲ. ಆ ಗೆರೆಯನ್ನು ಎಳೆದವರು ಯಾರು, ತಂಗಿ? ನೀನೇ ಬೇಸತ್ತು ಎಳೆದೆಯೋ, ನಿನ್ನ ಮೇಲಿನವರು ಇದೆಲ್ಲ ಯಾಕೆ ಎಂದು ಎಳೆದರೋ, ಇಲ್ಲಾ ಗಾಜಿನ ಪೆಟ್ಟಿಗೆಗೆ ಇಡುವ ಮುನ್ನ ನಮ್ಮವರೇ ಎಳೆದರೋ? ಮೂವರ ಮೇಲೂ ನನಗೆ ಅನುಮಾನ. ಇನ್ನೂರು ವರ್ಷ ಪುಸ್ತಕದಿಂದ ಪುಸ್ತಕಕ್ಕೆ ನಕಲಾಗುತ್ತ ಬಂದಾಗ ಗೆರೆ ಎಳೆದ ಸಾಲು ಸಹಜವಾಗಿಯೇ ಬಿಟ್ಟುಹೋಯಿತು. ನಮ್ಮ ಮನೆಗೆ ಬರುವಾಗ ಅಲ್ಲಿ ಬೆಕ್ಕು ಮಾತ್ರ ಇತ್ತು.

ಈ ಕಾಗದ ತಲುಪುವಾಗ ನೀನು ಹದಿನೇಳನೆಯ ಪುಟಕ್ಕೆ ಬಂದಿರುವೆಯೋ ಇಲ್ಲವೋ ತಿಳಿಯದು. ಬಂದಿದ್ದರೆ ಆ ಸಾಲನ್ನು ಮತ್ತೆ ಬರೆ, ದಪ್ಪಕ್ಷರದಲ್ಲಿ ಬರೆ, ಯಾರು ಗೆರೆ ಎಳೆದರೂ ಕೆಳಗೆ ಇನ್ನೊಮ್ಮೆ ಬರೆ. ಮಾದರಿಯನ್ನು ತಜ್ಞರಿಗೆ ತೋರಿಸುವ ಮೊದಲು ನಿಮ್ಮ ಮನೆಯ ಮುದುಕಿಗೆ ತೋರಿಸಿ, ಮೊಮ್ಮಗುವಿಗೆ ಇದನ್ನು ಹಾಕಿದರೆ ನೀನು ಇದರ ಮೇಲೆ ಏನೇನು ಹಚ್ಚುತ್ತೀ ಎಂದು ಕೇಳು. ಅವಳು ಅರಿಶಿಣ ಎನ್ನುತ್ತಾಳೆ, ವಿಭೂತಿ ಎನ್ನುತ್ತಾಳೆ, ಉಪ್ಪು ಎನ್ನುತ್ತಾಳೆ. ನಗಬೇಡ, ಬರೆದುಕೋ.

ಚಂಪಾಳ ಕೈ ವಾಸಿಯಾಗಿದೆ. ಚರ್ಮ ಹಪ್ಪಳದ ಹಾಗೆ ಸುಕ್ಕುಗಟ್ಟಿದೆ, ಮಣಿಕಟ್ಟು ಪೂರ್ತಿ ಮಡಚಲು ಬರುವುದಿಲ್ಲ. ಪ್ರಭೆ ಮಾತಾಡಲು ಶುರುಮಾಡಿದ್ದಾಳೆ, ಅಡುಗೆಯ ವಿಷಯ ಮಾತ್ರ. ಚಂಪಾ ಮೊದಲಿನಂತೆಯೇ ನನ್ನ ಪಕ್ಕದಲ್ಲಿ ಮಲಗುತ್ತಾಳೆ, ಕತೆ ಕೇಳುತ್ತಾಳೆ. ಆದರೆ ಒಂದು ಬದಲಾಗಿದೆ. ನಿನ್ನೆ ಅವಳಿಗೆಂದು ಹುರಿದ ಶೇಂಗಾ ಹಿಡಿದು ಹತ್ತಿರ ಹೋದೆ. ಅವಳು ಎಡಗೈಯನ್ನು ಬೆನ್ನ ಹಿಂದೆ ಸರಿಸಿಕೊಂಡು, "ಆಯಿ, ಮೊದಲ ಮುಷ್ಟಿ ಬಿಚ್ಚು, ಏನೈತಿ ನೋಡ್ತೀನಿ" ಎಂದಳು. ಎಲ್ಲರ ಮೇಲೂ ಅನುಮಾನಪಡುತ್ತ ಬಂದ ನನಗೆ ಈ ಮಗು ನನ್ನ ಕೈಯನ್ನೇ ಅನುಮಾನಿಸುವ ದಿನ ಬರುತ್ತದೆಂದು ಹೊಳೆದಿರಲಿಲ್ಲ. ಎರಡೂ ಕೈ ಬಿಚ್ಚಿ ತೋರಿಸಿದೆ, ಅವಳು ಬಗ್ಗಿ ಒಂದೊಂದು ಕಾಳನ್ನೂ ನೋಡಿ ಆಮೇಲೆ ತಿಂದಳು. ಇನ್ನು ಮುಂದೆ ಹೀಗೆಯೇ ತೋರಿಸುತ್ತೇನೆ, ಅವಳು ಕೇಳುವ ಮೊದಲೇ.

ತಂಗೀ, ನೀನೂ ಹಾಗೆಯೇ ತೋರಿಸು.

ಇಂತು, ಇದೊಂದೇ ಕಾಗದ ಬರೆಯಲು ಅವಕಾಶವಿರುವ,
ನೀಲಗಂಗವ್ವ